ಎಳ್ಳುಬೆಲ್ಲಕ್ಕೆ ಕಾಗದದ ಡಬ್ಬಿ, ಬಾಗಿಲಿಗೆ ಕಾಗದದ ಕಬ್ಬು

ಪ್ರಶ್ನೆ: ಈ ಸಂಕ್ರಾಂತಿಗೆ ಎಳ್ಳು ಬೀರಲು ಪ್ಲಾಸ್ಟಿಕ್ ಕವರ್ ಬೇಡವೆಂದು ಬಣ್ಣದ ಎ4 ಹಾಳೆಯಲ್ಲಿ ಮುಚ್ಚಳದ ಡಬ್ಬಿ ಮಡಚಿ ನೋಡಿದೆ. ಮುಚ್ಚಳ ಕೂರುತ್ತಿಲ್ಲ, ಒಂದೇ ದಿನದಲ್ಲಿ ತಳಕ್ಕೆ ಎಣ್ಣೆ ಕಲೆ ಬಂತು. ನಲವತ್ತು ಮನೆಗೆ ಬೇಕು. (ಓದುಗರು, ಹಾಸನ)

ಉತ್ತರ: ತಳಕ್ಕೂ ಮುಚ್ಚಳಕ್ಕೂ ಒಂದೇ ಅಳತೆಯ ಚೌಕ ತೆಗೆದುಕೊಂಡಿರುತ್ತೀರಿ. ಮುಚ್ಚಳಕ್ಕೆ 21 ಸೆಂ.ಮೀ. ಚೌಕವಿರಲಿ, ತಳಕ್ಕೆ 20.5. ಈ ಅರ್ಧ ಸೆಂಟಿಮೀಟರು ಮಡಚಿದ ಮೇಲೆ ಎರಡು ಮಿ.ಮೀ.ಗೂ ಕಡಿಮೆಯಾಗಿ ಉಳಿಯುತ್ತದೆ. ಮುಚ್ಚಳ ಬಿಗಿಯಾಗಿ ಜಾರಲು ಅಷ್ಟೇ ಸಾಕು. ಡಬ್ಬಿ ಸುಮಾರು 7.2 ಸೆಂ.ಮೀ. ಅಗಲ, 3.6 ಎತ್ತರ ಬರುತ್ತದೆ, ನೂರು ಗ್ರಾಂ ಆಸುಪಾಸು ಎಳ್ಳುಬೆಲ್ಲ ಹಿಡಿಯುತ್ತದೆ. ನಲವತ್ತಕ್ಕೆ ಎಂಬತ್ತು ಹಾಳೆ, ಕೆಡುವುದಕ್ಕೆಂದು ಇನ್ನೊಂದು ಹತ್ತು.

ಹಾಳೆ 120 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಇರಲಿ. ಜೆರಾಕ್ಸ್ ಹಾಳೆ 80ರದ್ದು, ಗೋಡೆ ಕುಸಿಯುತ್ತದೆ. 180 ದಾಟಿದರೆ ಮಡಿಕೆಯಲ್ಲಿ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ.

ಬಣ್ಣದ ಬದಿ ಕೆಳಗಿಟ್ಟು ಎರಡೂ ಕರ್ಣಗಳನ್ನು ಮಡಚಿ ಬಿಡಿಸಿ. ನಾಲ್ಕು ಮೂಲೆಗಳನ್ನೂ ನಡುಬಿಂದುವಿಗೆ ತನ್ನಿ, ಆದರೆ ಕೂದಲೆಳೆಯಷ್ಟು ಹಿಂದೆಯೇ ನಿಲ್ಲಿಸಿ. ಬಿಂದು ದಾಟಿದರೆ ಕೊನೆಗೆ ಡಬ್ಬಿ ಸೊಟ್ಟ. ಈಗ ಸಿಕ್ಕ ಸಣ್ಣ ಚೌಕದ ಎದುರುಬದುರು ಅಂಚುಗಳನ್ನು ನಡುಗೆರೆಗೆ ಮಡಚಿ ಬಿಡಿಸಿ, ಉಳಿದೆರಡಕ್ಕೂ ಹಾಗೆಯೇ. ಎದುರುಬದುರಿನ ಎರಡು ಮೂಲೆಗಳನ್ನಷ್ಟೇ ಪೂರ್ತಿ ಬಿಚ್ಚಿ, ಬಿಚ್ಚದ ಎರಡು ಬದಿಗಳನ್ನು ಗೋಡೆಯ ಹಾಗೆ ನಿಲ್ಲಿಸಿ. ಬಿಚ್ಚಿದ ಉದ್ದ ತುದಿಯನ್ನು ಗೋಡೆಯ ಮೇಲಿಂದ ಒಳಕ್ಕೆ ಹೊರಳಿಸಿದರೆ ಮೂಲೆಗಳು ತಾವೇ ಒಳಗೆ ಸೇರಿಕೊಳ್ಳುತ್ತವೆ. ಅಂಟು ಬೇಕಾಗುವುದೇ ಇಲ್ಲ. ಪ್ರತಿ ಮಡಿಕೆಯನ್ನೂ ಚಮಚದ ಬೆನ್ನಿನಿಂದ ಒತ್ತಿ ಉಜ್ಜಿ. ಬೆರಳಲ್ಲಿ ಒತ್ತಿದ್ದು ರಾತ್ರಿ ಕಳೆಯುವುದರಲ್ಲಿ ಉಬ್ಬುತ್ತದೆ.

ಎಣ್ಣೆ ಬಿಡುವುದು ಕೊಬ್ಬರಿ, ಕಡಲೆಕಾಯಿ ಬೀಜ, ಎಳ್ಳು. 13 ಸೆಂ.ಮೀ. ಚೌಕದ ಬಟರ್ ಪೇಪರ್ ಒಳಗೆ ಹಾಸಿ. ಹುರಿದದ್ದು, ಬಿಸಿಲಲ್ಲಿ ಒಣಗಿಸಿದ ಬೆಲ್ಲ, ಕೊಬ್ಬರಿ ಎಲ್ಲವೂ ತಣಿದ ಮೇಲೆಯೇ ತುಂಬಿ. ಬಿಸಿಯಿರುವಾಗ ಮುಚ್ಚಿದರೆ ಒಳಗೆ ಬೆವೆತು ಬೆಲ್ಲ ಜಿಗುಟಾಗುತ್ತದೆ, ತಳವೂ ಮೆತ್ತಗಾಗುತ್ತದೆ. ಸಕ್ಕರೆ ಅಚ್ಚನ್ನು ಬೇರೆ ಬಟರ್ ಪೇಪರಿನಲ್ಲಿ ಸುತ್ತಿಡಿ. ಮಿನುಗುಪುಡಿ ಮಾತ್ರ ದಯವಿಟ್ಟು ಬೇಡ. ಅದು ಉದುರಿ ಎಳ್ಳಿನೊಳಗೆ ಸೇರಿದರೆ ಆರಿಸಲು ಯಾರಿಂದಲೂ ಆಗದು.

ಪ್ರಶ್ನೆ: ಅಷ್ಟು ಪುರುಸೊತ್ತಿಲ್ಲ. ಹಳೇ ದಿನಪತ್ರಿಕೆಯ ಪೊಟ್ಟಣ ಆಗದೇ? (ಓದುಗರು, ತುಮಕೂರು)

ಉತ್ತರ: ಬೇಡ. ಮುದ್ರಣದ ಶಾಯಿ ಎಣ್ಣೆಯಂಶಕ್ಕೆ ಬಿಟ್ಟುಕೊಳ್ಳುತ್ತದೆ. ಆಹಾರವನ್ನು ದಿನಪತ್ರಿಕೆಯಲ್ಲಿ ಸುತ್ತಿ ಕೊಡುವಂತಿಲ್ಲವೆಂದು 2018ರ ಆಹಾರ ಪ್ಯಾಕಿಂಗ್ ನಿಯಮದಲ್ಲೇ ಇದೆ. ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಕಾಗದದಲ್ಲಿ ಪೊಟ್ಟಣ ಕಟ್ಟಿ, ಒಳಗೆ ಬಟರ್ ಪೇಪರ್ ಇರಲಿ.

ಪ್ರಶ್ನೆ: ಮಕ್ಕಳ ಜೊತೆ ಕಾಗದದ ಕಬ್ಬು ಮಾಡಿದೆವು. ಕೊಳವೆ ಬಿಚ್ಚಿಕೊಳ್ಳುತ್ತದೆ, ಮೈಯೆಲ್ಲ ಸುಕ್ಕು. (ಓದುಗರು, ಮಂಡ್ಯ)

ಉತ್ತರ: ಹಾಳೆಯ ಪೂರ್ತಿ ಮೈಗೆ ಅಂಟು ಬಳಿದಿದ್ದೀರಿ, ಸುಕ್ಕು ಅದರದ್ದೇ. ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕಿದೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಸುತ್ತಿ. ಎದುರು ದಿಕ್ಕಿಗೆ ಸುತ್ತಿದ ಕೊಳವೆ ಸದಾ ಬಿಚ್ಚಿಕೊಳ್ಳಲು ನೋಡುತ್ತಿರುತ್ತದೆ.

ಮಾಪ್ ಕೋಲಿನ ಮೇಲೆ ಸುತ್ತಿ, ಕೊನೆಯ ಎರಡು ಸೆಂ.ಮೀ. ಅಂಚಿಗಷ್ಟೇ ಅಂಟು ಹಚ್ಚಿ, ಕಾಲು ಗಂಟೆ ರಬ್ಬರ್ ಬ್ಯಾಂಡ್ ಹಾಕಿಡಿ. ಎರಡು ಚಮಚ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಒಟ್ಟು ಒಂದು ಲೋಟ ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ಬಿಳಿ ಬಣ್ಣ ಹೋಗಿ ಗಂಜಿಯಂತೆ ಹೊಳೆಯುವವರೆಗೆ ಕಾಯಿಸಿದರೆ ಅಂಟು ಸಿದ್ಧ. ಹುಳ ಬೀಳದಿರಲೆಂದು ಮೈಲುತುತ್ತ ಹಾಕುವ ರೂಢಿ ಇದೆ. ಮಕ್ಕಳ ಕೈಗೆ ಕೊಡುವುದಕ್ಕೆ ಹಾಕಬೇಡಿ, ವಿಷ.

ಎರಡು ಕೊಳವೆ ಸೇರಿಸಲು ಒಳಗೆ ಆರು ಸೆಂ.ಮೀ.ನ ತುಂಡು ಕೊಳವೆ ತೂರಿಸಿ, ಮೂರು ಆ ಕಡೆ, ಮೂರು ಈ ಕಡೆ. ಪ್ರತಿ 10 ಸೆಂ.ಮೀ.ಗೆ ಒಂದು ಕಂದು ಪಟ್ಟಿ ಸುತ್ತಿದರೆ ಗೆಣ್ಣು. ಎ4 ಉದ್ದದ ಕೊಳವೆಯ ಬೆಸುಗೆಯೂ ಗೆಣ್ಣಿನಡಿ ಮರೆಯಾಗುತ್ತದೆ. ಗರಿಗೆ ಹಸಿರು ಕ್ರೇಪ್ ಕಾಗದ, ಅದರ ಸುಕ್ಕಿನ ಗೆರೆಗಳು ಗರಿಯ ಉದ್ದಕ್ಕೆ ಬರುವಂತೆ ಕತ್ತರಿಸಿ. ಅಡ್ಡಕ್ಕೆ ಕತ್ತರಿಸಿದ್ದು ತನ್ನ ಭಾರಕ್ಕೇ ಎಳೆದುಕೊಂಡು ಜೋತುಬೀಳುತ್ತದೆ. ಬಾಗಿಲಿಗೆ ನೀರು ಚಿಮುಕಿಸಿ, ರಂಗೋಲಿಯಿಟ್ಟು, ನೆಲ ಒಣಗಿದ ಮೇಲೆಯೇ ಕಬ್ಬು ನಿಲ್ಲಿಸಿ. ಕ್ರೇಪ್ ಒದ್ದೆಯಾದರೆ ಆ ಹಸಿರು ಗೋಡೆಗೆ ಹತ್ತುತ್ತದೆ, ಉಜ್ಜಿದರೂ ಹೋಗುವುದು ಕಷ್ಟ.