ಐದನೇ ಪುಟದಿಂದ ಶುರು ಮಾಡಿ, ಮಾಸ್ತರೇ

ಮಾಸ್ತರೇ, ನಮಸ್ಕಾರ.

‘ಶಿಕ್ಷಣದ ಅನುದಾನ: ವಿಧಾನಮಂಡಲದ ಸಮಿತಿಗಳು ಮಾಡುತ್ತಿರುವುದೇನು?’ ಎಂಬ ನಿಮ್ಮ ಲೇಖನ ಮುಟ್ಟಿದೆ. ಸುರಪುರ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಸಾಲಿಯಲ್ಲಿ ಅತಿಥಿ ಶಿಕ್ಷಕರಾಗಿದ್ದುಕೊಂಡು, ದಿನವಿಡೀ ಪಾಠ ಹೇಳಿ ದಣಿದ ಮೇಲೂ ಒಂಬತ್ತು ಪುಟ ಬರೆದಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ನಾವು ಪತ್ರಿಕೆಯಲ್ಲಿ ಹಾಕುವುದಿಲ್ಲ. ಆದರೆ ಐದನೇ ಪುಟ ಓದಿದ ಮೇಲೆ ‘ವಿಷಾದಿಸುತ್ತೇವೆ’ ಎಂಬ ಮೂರು ಸಾಲಿನ ಚೀಟಿ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಇದೇ ವಿಷಯ ಬರೆದು ಕಳಿಸುವವರು ಕಲಬುರಗಿ, ಬೀದರ್ ಕಡೆಯಿಂದಲೂ ಇದ್ದಾರೆ. ಹಾಗಾಗಿ ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈ ಅಂಕಣದಲ್ಲೇ ಉತ್ತರ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಬಸವಕಲ್ಯಾಣದ ಅನುಭವ ಮಂಟಪದಿಂದ ಶುರು ಮಾಡಿ, ಅದು ಜಗತ್ತಿನ ಮೊದಲ ಸಂಸತ್ತು ಎಂದು ಹೇಳಿ, ಅಲ್ಲಿಂದ ವಿಧಾನಸೌಧಕ್ಕೆ ಬಂದಿದ್ದೀರಿ. ನಮ್ಮ ಕಲ್ಯಾಣ ಕರ್ನಾಟಕ ಭಾಗದಿಂದ ರಾಜಕೀಯದ ಬಗ್ಗೆ ಬರುವ ಲೇಖನಗಳಲ್ಲಿ ಅರ್ಧಕ್ಕರ್ಧ ಇದೇ ದಾರಿಯಲ್ಲಿ ಬರುತ್ತವೆ. ಶರಣರ ಮೇಲೆ ನನಗೂ ಭಕ್ತಿ ಇದೆ. ಆದರೆ ಸಾಲಿಯ ಚಾವಣಿಗೆ ದುಡ್ಡು ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಲಾರರು.

ಮೂರನೇ ಪುಟದ್ದು ದೊಡ್ಡ ತೊಂದರೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಸಭೆಯನ್ನು ಕಣ್ಣಾರೆ ಕಂಡವರಂತೆ ವರ್ಣಿಸಿದ್ದೀರಿ: ಸದಸ್ಯರೊಬ್ಬರು ಮೇಜು ಕುಟ್ಟುತ್ತಾರೆ, ಕಾರ್ಯದರ್ಶಿಯ ಹಣೆ ಮೇಲೆ ಬೆವರು, ಅಧ್ಯಕ್ಷರು ಗದರುತ್ತಾರೆ. ನೀವು ಅಲ್ಲಿ ಇರಲಿಲ್ಲ. ಪತ್ರಕರ್ತರೂ ಇರುವುದಿಲ್ಲ. ಆ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ, ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಒಳಗಿನ ಮಾತು ಹೊರಗೆ ಬರುವಂತಿಲ್ಲ. ಟಿವಿಯಲ್ಲಿ ಸದನದ ಗದ್ದಲ ನೋಡಿದ್ದೀರಿ, ಅದನ್ನೇ ಸಮಿತಿಯ ಕೋಣೆಗೆ ಸಾಗಿಸಿದ್ದೀರಿ. ಕಥೆಯಾಗಿದ್ದರೆ ನಡೆಯುತ್ತಿತ್ತು, ಲೇಖನದಲ್ಲಿ ನಡೆಯದು. ಇಂಥ ಒಂದು ಪ್ಯಾರಾ ಸಾಕು, ಉಳಿದ ಎಂಟು ಪುಟದ ಖರೆ ಮಾತನ್ನೂ ಓದುಗರು ನಂಬುವುದಿಲ್ಲ.

ಅದೇ ಪುಟದಲ್ಲಿ ಆ ಸಮಿತಿ ‘ಅನುದಾನ ಮಂಜೂರು ಮಾಡುತ್ತದೆ’ ಎಂದಿದ್ದೀರಿ. ಮಾಡುವುದಿಲ್ಲ. ಹಣ ಮಂಜೂರಾಗುವುದು ಸದನದಲ್ಲಿ. ಬಜೆಟ್ ಮಂಡನೆಯಾದ ಮೇಲೆ ಇಲಾಖಾವಾರು ಅನುದಾನದ ಬೇಡಿಕೆಗಳು ಮತಕ್ಕೆ ಬರುತ್ತವೆ, ಸಂವಿಧಾನದ 203ನೇ ವಿಧಿಯ ಪ್ರಕಾರ. ನಮ್ಮ ರಾಜ್ಯದಲ್ಲಿ ಶಿಕ್ಷಣದ್ದು ಬೇಡಿಕೆ ಸಂಖ್ಯೆ 17. ಆಮೇಲೆ 204ನೇ ವಿಧಿಯಡಿ, ಖಜಾನೆಯಿಂದ ಹಣ ತೆಗೆಯಲು ಒಪ್ಪಿಗೆ ಕೊಡುವ ಧನವಿನಿಯೋಗ ಮಸೂದೆ. ಲೆಕ್ಕಪತ್ರ ಸಮಿತಿಯವರು ರಾಶಿ ಮುಗಿದ ಮೇಲೆ ಕಣಕ್ಕೆ ಬಂದು ಚೀಲ ಎಣಿಸುವವರು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ 151ನೇ ವಿಧಿಯಂತೆ ವಿಧಾನಮಂಡಲಕ್ಕೆ ಬರುತ್ತದೆ. ಅದರಲ್ಲಿ ಶಿಕ್ಷಣ ಇಲಾಖೆಯ ಮೇಲಿನ ಕಂಡಿಕೆಗಳಿಗೆ ಇಲಾಖೆ ವಿವರಣೆ ಬರೆದುಕೊಡುತ್ತದೆ. ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ಕಟ್ಟಡಕ್ಕೆ ಇಟ್ಟ ದುಡ್ಡು ಖರ್ಚಾಗದೆ ಯಾಕೆ ವಾಪಸಾಯಿತು, ಬಳಕೆ ಪ್ರಮಾಣಪತ್ರ ಯಾಕೆ ಬಂದಿಲ್ಲ, ಈ ಬಗೆಯ ಪ್ರಶ್ನೆಗಳು. ಕೊನೆಗೆ ಶಿಫಾರಸು, ಶಿಫಾರಸಿನ ಮೇಲೆ ಇಲಾಖೆ ಏನು ಕ್ರಮ ಕೈಗೊಂಡಿತು ಎಂಬ ಮತ್ತೊಂದು ವರದಿ. ಇಷ್ಟರಲ್ಲಿ ಒಂದನೇ ತರಗತಿಯ ಹುಡುಗ ಹೈಸ್ಕೂಲು ಸೇರಿರಬಹುದು. ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದೂ ಇಲ್ಲ. ಮಂತ್ರಿಗಳಿಗೆ ಈ ಸಮಿತಿಯಲ್ಲಿ ಜಾಗವಿಲ್ಲ, ಅಧ್ಯಕ್ಷತೆ ರೂಢಿಯಂತೆ ವಿರೋಧ ಪಕ್ಷದವರಿಗೆ. ಈ ಎರಡು ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಆ ಸಮಿತಿಗಿರುವ ಅಷ್ಟಿಷ್ಟು ಬಲ ಬಂದಿರುವುದೇ ಅಲ್ಲಿಂದ.

ಇನ್ನು ನಂಜುಂಡಪ್ಪ ಸಮಿತಿ, ಥೋರಟ್ ಆಯೋಗ, ಅಂದಾಜುಗಳ ಸಮಿತಿ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೀರಿ. ಡಿ.ಎಂ. ನಂಜುಂಡಪ್ಪನವರದ್ದು ಪ್ರಾದೇಶಿಕ ಅಸಮತೋಲನದ ಬಗ್ಗೆ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ. 2002ರಲ್ಲಿ ವರದಿ ಕೊಟ್ಟಿತು. ಹಿಂದುಳಿದ 114 ತಾಲ್ಲೂಕು ಗುರುತಿಸಿತು, ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಸುಖದೇವ್ ಥೋರಟ್ ಅವರದ್ದು ರಾಜ್ಯ ಶಿಕ್ಷಣ ನೀತಿಗಾಗಿ 2023ರಲ್ಲಿ ಸರ್ಕಾರವೇ ರಚಿಸಿದ ಆಯೋಗ. ಇವೆರಡಕ್ಕೂ ಶಾಸಕರ ಸಮಿತಿಯ ಅಧಿಕಾರವಿಲ್ಲ, ಅಂದಾಜುಗಳ ಸಮಿತಿ ಮಾತ್ರ ಶಾಸಕರದ್ದು. ತಜ್ಞರ ವರದಿ ಸರ್ಕಾರದ ಕೈಗೆ ಹೋಗುತ್ತದೆ, ಶಾಸಕರ ಸಮಿತಿಯ ವರದಿ ಸದನಕ್ಕೆ ಬರುತ್ತದೆ. ಯಾರನ್ನು ಯಾರು ಪ್ರಶ್ನಿಸಬಹುದು ಎಂಬುದು ಇದರ ಮೇಲೆ ನಿಂತಿದೆ. ಸಂಸತ್ತಿನಲ್ಲಿ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ, ಶಿಕ್ಷಣದ ಬೇಡಿಕೆಯನ್ನು ಮತಕ್ಕೆ ಹಾಕುವ ಮೊದಲೇ ಅವು ಕೂತು ನೋಡುತ್ತವೆ. ನೀವು ಎಂಟನೇ ಪುಟದಲ್ಲಿ ಆ ದೆಹಲಿ ಸಮಿತಿಯ ಮಾತನ್ನು ಬೆಂಗಳೂರಿನವರ ಬಾಯಿಗೆ ಹಾಕಿದ್ದೀರಿ. ಸರಿಪಡಿಸಿ.

ಅಂಕಿಗಳ ಬಗ್ಗೆ ಕಡಿಮೆ ಹೇಳುತ್ತೇನೆ. 2025-26ರ 4,09,549 ಕೋಟಿಯ ಬಜೆಟ್ಟಿನಲ್ಲಿ ಶಿಕ್ಷಣಕ್ಕೆ 45,286 ಕೋಟಿ, ಅಂದರೆ ಶೇ 11ರ ಆಸುಪಾಸು. ಇದನ್ನು ಹಿಂದಿನ ವರ್ಷದ 44,422 ಕೋಟಿಯ ಪಕ್ಕಕ್ಕಿಟ್ಟು ‘ಹೆಚ್ಚಳವಾಗಿದೆ’ ಎಂದಿರಿ. ಎರಡೂ ಅಂದಾಜುಗಳು. ಬಜೆಟ್ ಪುಸ್ತಕದಲ್ಲಿ ಅದೇ ಸಾಲಿನಲ್ಲಿ ಪರಿಷ್ಕೃತ ಅಂದಾಜು, ನಿಜವಾಗಿ ಖರ್ಚಾದ ಲೆಕ್ಕ ಎಂಬ ಕಾಲಮ್ಮುಗಳೂ ಇರುತ್ತವೆ. ಅವನ್ನು ನೋಡದೆ ಹೆಚ್ಚಳ, ಇಳಿಕೆ ಎಂದು ಬರೆಯಬೇಡಿ. ಆ ಪುಸ್ತಕದ ಲೆಕ್ಕಶೀರ್ಷಿಕೆ 2202 ಅಂದರೆ ಸಾಮಾನ್ಯ ಶಿಕ್ಷಣ, ಬಹುಪಾಲು ಸಂಬಳಕ್ಕೆ ಹೋಗುವ ಹಣ. ಕಟ್ಟಡದ್ದು 4202. ನಿಮಗೆ ಬೇಕಾಗಿರುವುದು ಆ ಎರಡನೆಯದು.

ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ ನೇರ ಅನುದಾನಕ್ಕೆ ಹಾರಿದ್ದೂ ಸರಿಯಾಗಿಲ್ಲ. 2024ರಲ್ಲಿ ಯಾದಗಿರಿ ಶೇ 50.59 ಪಡೆದು ಕೊನೆಗೆ ನಿಂತಿತು, 2025ರಲ್ಲಿ ಕಲಬುರಗಿ ಶೇ 42.43ಕ್ಕೆ ಇಳಿದು ಆ ಜಾಗ ಹಿಡಿಯಿತು. ನೋವಿನ ಸಂಗತಿ. ಆದರೆ 2024ರಲ್ಲೇ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂತು, ಇಡೀ ರಾಜ್ಯದ ಫಲಿತಾಂಶ ಕುಸಿಯಿತು. ಅದರ ಹೆಸರೇ ಎತ್ತದೆ ‘ದುಡ್ಡಿಲ್ಲ, ಅದಕ್ಕೇ ಫೇಲು’ ಎಂದರೆ ಓದುಗರು ಒಪ್ಪರು. ‘ನಮ್ಮ ಭಾಗಕ್ಕೆ ಯಾವಾಗಲೂ ಎಲ್ಲಾ ಕೊನೆಗೇ ಬರುತ್ತದೆ’ ಎಂಬುದೂ ಪೂರ್ತಿ ಖರೆಯಲ್ಲ. ಅಕ್ಷರ ದಾಸೋಹ 2002ರಲ್ಲಿ ಶುರುವಾಗಿದ್ದು ನಮ್ಮದೂ ಸೇರಿದ ಏಳು ಜಿಲ್ಲೆಗಳಲ್ಲಿ, ಉಳಿದವರಿಗೆ ಆಮೇಲೆ. 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗಲೂ ಮೊದಲು ಬಂದದ್ದು ಈ ಕಡೆಗೆ ಮತ್ತು ವಿಜಯಪುರಕ್ಕೆ. ಮಕ್ಕಳ ರಕ್ತಹೀನತೆ, ಅಪೌಷ್ಟಿಕತೆ ಇಲ್ಲಿ ಹೆಚ್ಚು ಎಂಬುದೇ ಅದಕ್ಕೆ ಕಾರಣವಾಗಿತ್ತು ಅನ್ನಿ. ಅದನ್ನೂ ಬರೆಯಬಹುದು.

ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ ನಿಮ್ಮದು ಭಾವಾವೇಶ ಜಾಸ್ತಿ, ಓದು ಕಡಿಮೆ. ‘ವರ್ಷಕ್ಕೆ 5,000 ಕೋಟಿ ನಮ್ಮ ಸಾಂವಿಧಾನಿಕ ಹಕ್ಕು’ ಎಂದಿದ್ದೀರಿ. ಆ ವಿಧಿಯಲ್ಲಿ ಕೋಟಿಯ ಲೆಕ್ಕವೇ ಇಲ್ಲ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೊತ್ತ ರಾಜ್ಯದ ಬಜೆಟ್ಟಿನಲ್ಲಿ ತೀರ್ಮಾನವಾಗುತ್ತದೆ. ಅಭಿವೃದ್ಧಿ ವೆಚ್ಚದಲ್ಲಿ ಈ ಪ್ರದೇಶಕ್ಕೆ ನ್ಯಾಯಸಮ್ಮತ ಹಂಚಿಕೆ ಇರಬೇಕು ಎನ್ನುವ ಅದೇ ವಾಕ್ಯ, ಒಟ್ಟು ರಾಜ್ಯದ ಅಗತ್ಯಗಳಿಗೆ ಒಳಪಟ್ಟು ಎಂಬ ಷರತ್ತನ್ನೂ ಹಾಕುತ್ತದೆ. ಸದನದ ಜಗಳವೆಲ್ಲ ಈ ಷರತ್ತಿನ ಮೇಲೇ. ನೀವು ಅದನ್ನು ಬಿಟ್ಟೇ ಬಿಟ್ಟಿದ್ದೀರಿ. ಇನ್ನೊಂದೂ ಬಿಟ್ಟಿದ್ದೀರಿ: ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎಂದು ಆ ವಿಧಿಯೇ ಹೇಳುತ್ತದೆ. ಅದರ ಮೇಲೆ ಚರ್ಚೆ ನಡೆಯಿತೇ, ನಿಮ್ಮ ಶಾಸಕರು ಮಾತಾಡಿದರೇ? ಸದನದ ನಡಾವಳಿ ತೆರೆದು ನೋಡಿದರೆ ಗೊತ್ತಾಗುತ್ತದೆ. ಮಂಡಳಿ ಕೋಣೆ ಕಟ್ಟಿಸಬಲ್ಲದು, ಕಾಯಂ ಮಾಸ್ತರರ ಹುದ್ದೆ ತುಂಬಬೇಕಾದ್ದು ಇಲಾಖೆ. ಮಂಡಳಿ ಕೊಡುತ್ತದಲ್ಲ ಎಂದು ಇಲಾಖೆ ತನ್ನ ಪಾಲಿನ ಕೈ ಬಿಗಿ ಮಾಡುತ್ತದೆಯೇ ಎಂಬ ಅನುಮಾನ ನಮ್ಮ ಭಾಗದಲ್ಲಿ ಮೊದಲಿನಿಂದಲೂ ಇದೆ. ಅದು ಅನುಮಾನ. ನಿಮ್ಮ ಲೇಖನದಲ್ಲಿ ಅದು ತೀರ್ಪಾಗಿ ಕೂತಿದೆ.

ವಿಧಾನ ಪರಿಷತ್ತಿನ ಬಗ್ಗೆ ಬರೆಯುವಾಗ ‘ನಮ್ಮಂಥ ಶಿಕ್ಷಕರೇ ಆರಿಸಿ ಕಳಿಸಿದವರು’ ಎಂದಿದ್ದೀರಿ. 75 ಸದಸ್ಯರಲ್ಲಿ 7 ಜನ ಶಿಕ್ಷಕರ ಕ್ಷೇತ್ರದವರು, ನಮ್ಮದು ಈಶಾನ್ಯ ಕ್ಷೇತ್ರ. ಆದರೆ ಅಲ್ಲಿ ಮತ ಹಾಕುವವರು ಹೈಸ್ಕೂಲು ಮತ್ತು ಅದಕ್ಕೂ ಮೇಲಿನ ಶಿಕ್ಷಕರು. ಪ್ರಾಥಮಿಕ ಸಾಲಿಯ ಮಾಸ್ತರರಿಗೆ, ಕಾಯಂ ಇದ್ದರೂ, ಆ ಮತವಿಲ್ಲ. ಒಂದನೇ ತರಗತಿಗೆ ಅಕ್ಷರ ಕಲಿಸುವವರ ಪರವಾಗಿ ಆ ಮೇಲ್ಮನೆಯಲ್ಲಿ ಕೂರಲು ಯಾರೂ ಅವರಿಂದಲೇ ಆರಿಸಿ ಬಂದಿರುವುದಿಲ್ಲ. ಇದನ್ನು ಬೇಕಾದರೆ ಬೇರೆಯೇ ಲೇಖನ ಮಾಡಿ, ನಾನು ಖುಷಿಯಿಂದ ಓದುತ್ತೇನೆ.

ಈಗ ಐದನೇ ಪುಟ. ಹೆಡ್‌ಮಾಸ್ತರರ ಟೇಬಲ್ಲಿನ ಆವಕ-ಜಾವಕ ವಹಿ, ಅಂದರೆ ಬಂದ ಹೋದ ಪತ್ರಗಳ ದಾಖಲೆ, ತೆಗೆದು ನೋಡಿದಿರಿ. ‘ಕೋಣೆ 3 ಮತ್ತು 4, ಚಾವಣಿ ದುರಸ್ತಿ ಬಗ್ಗೆ’ ಎಂಬ ಅದೇ ಸಾಲು ಮೂರು ಕಡೆ ಇದೆ: ಒಮ್ಮೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಒಮ್ಮೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗಕ್ಕೆ, ಒಮ್ಮೆ ಶಾಸಕರ ಕಚೇರಿಗೆ. ಅಕ್ಷರ ಮಾತ್ರ ಬೇರೆ ಬೇರೆ, ಯಾಕೆಂದರೆ ನಡುವೆ ಹೆಡ್‌ಮಾಸ್ತರರೇ ಬದಲಾಗಿದ್ದರು. ಎಂಜಿನಿಯರ್ ಬಂದು ಟೇಪು ಹಿಡಿದು ಅಳೆದು, ಇದು ದುರಸ್ತಿಗೆ ಮೀರಿದ್ದು, ಕೆಡವಬೇಕು ಎಂದರು. ಕೆಡವಲು ಬೇರೆ ಅನುಮತಿ, ಕಟ್ಟಲು ಬೇರೆ ಅನುದಾನ. ದುರಸ್ತಿಯ ಪಟ್ಟಿಯಿಂದ ಹೆಸರು ಹೋಯಿತು, ಹೊಸ ಕೋಣೆಯ ಪಟ್ಟಿಗೆ ಬರಲಿಲ್ಲ. ಮಳೆ ಬಂದ ದಿನ ಐದನೇ ತರಗತಿಯವರು ಬಿಸಿಯೂಟದ ಕೋಣೆಯ ಬಾಗಿಲಲ್ಲಿ ಕೂತು ಭಾಗಾಕಾರ ಮಾಡುತ್ತಾರೆ, ಒಗ್ಗರಣೆಯ ಘಾಟಿಗೆ ಕೆಮ್ಮುತ್ತಾರೆ. ಇದನ್ನು ಹನ್ನೆರಡು ಸಾಲಿನಲ್ಲಿ ಬರೆದು, ಹದಿಮೂರನೇ ಸಾಲಿಗೆ ‘ಇರಲಿ, ಈಗ ವಿಷಯಕ್ಕೆ ಬರೋಣ’ ಎಂದಿದ್ದೀರಿ! ವಿಷಯ ಅದೇ ಆಗಿತ್ತು ಮಾಸ್ತರೇ.

ಆ ಎರಡು ಕೋಣೆಯನ್ನು ಹಿಡಿದುಕೊಂಡು ವಿಧಾನಸೌಧದವರೆಗೆ ಹೋಗಿ. ಶಾಸಕರು ಕೇಳುವ ಚುಕ್ಕೆ ಗುರುತಿನ ಮತ್ತು ಗುರುತಿಲ್ಲದ ಪ್ರಶ್ನೆಗಳ ಉತ್ತರ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, (ಅ), (ಆ), (ಇ) ಎಂದು ವಿಂಗಡಣೆ. ‘ಶಾಲಾ ಕೊಠಡಿಗಳು ಶಿಥಿಲಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂಬ ಧಾಟಿಯ ಪ್ರಶ್ನೆಗೆ ಒಂದೇ ಪದದ ಉತ್ತರ: ‘ಬಂದಿದೆ.’ ವಿವರ ಕೇಳಿದರೆ ‘ಅನುಬಂಧದಲ್ಲಿ ಒದಗಿಸಿದೆ.’ ಓದುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ, ನೀವು ನಿಲ್ಲಿಸಬೇಡಿ. ಅನುಬಂಧದಲ್ಲೇ ತಾಲ್ಲೂಕುವಾರು ಸಂಖ್ಯೆ ಇರುವುದು. ನಿಮ್ಮ ಸಾಲಿಯ ಎರಡು ಕೋಣೆ ಸುರಪುರದ ಮುಂದಿನ ಸಂಖ್ಯೆಯೊಳಗೆ ಸೇರಿವೆಯೇ? ದುರಸ್ತಿಯಲ್ಲೋ, ಹೊಸದರಲ್ಲೋ, ಎರಡರಲ್ಲೂ ಇಲ್ಲವೋ? ಮಂತ್ರಿಗಳು ಸದನದಲ್ಲಿ ‘ಕ್ರಮ ಕೈಗೊಳ್ಳುತ್ತೇವೆ’ ಎಂದಿದ್ದರೆ ಅದನ್ನು ಬೆನ್ನುಹತ್ತಲಿಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಿಮ್ಮ ಲೇಖನದಲ್ಲಿ ಅದರ ಹೆಸರೇ ಬಂದಿಲ್ಲ, ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವ ಸಮಿತಿ ಅದೇ.

ಪಟ್ಟಿ ಜಾಲತಾಣದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿಸಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಒಂಬತ್ತು ಪುಟ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಇಲ್ಲ. ಅರ್ಜಿಯನ್ನು ನೀವೇ ಹಾಕಬೇಕೆಂದಿಲ್ಲ. ಅತಿಥಿ ಶಿಕ್ಷಕರ ಕೆಲಸ ವರ್ಷದಿಂದ ವರ್ಷಕ್ಕೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಪಾಲಕರೊಬ್ಬರು ಹಾಕಲಿ.

ಭಾಷೆಯ ಬಗ್ಗೆ ಒಂದೇ ಮಾತು. ಐದನೇ ಪುಟದಲ್ಲಿ ನಿಮ್ಮ ಮನೆಯ ಮಾತಿದೆ, ಉಳಿದ ಕಡೆ ಇಲಾಖೆಯ ಸುತ್ತೋಲೆ ಮಾತಾಡುತ್ತಿದೆ. ‘ಅನುಷ್ಠಾನಗೊಳಿಸುವಲ್ಲಿ ಉಂಟಾಗುತ್ತಿರುವ ವಿಳಂಬ ಧೋರಣೆಯು’ ಎಂದು ಬರೆದಲ್ಲೆಲ್ಲ ಯಾರು ತಡ ಮಾಡಿದರು ಎಂಬುದನ್ನು ಮುಚ್ಚಿಟ್ಟಿದ್ದೀರಿ, ನಿಮಗೆ ಗೊತ್ತಿಲ್ಲದೆಯೇ.

ಮತ್ತೆ ಬರೆದರೆ ನಾಲ್ಕು ಪುಟ ಸಾಕು. ಬಜೆಟ್ ಅಧಿವೇಶನಕ್ಕೆ ಮುಂಚೆ ಕೈಗೆ ಬಂದರೆ ಒಳ್ಳೆಯದು, ಆಗ ಓದುವವರೂ ಇರುತ್ತಾರೆ. ಊರಿನ ಮತ್ತು ಸಾಲಿಯ ಹೆಸರು ಲೇಖನದಲ್ಲಿ ಬೇಡ, ನನಗೆ ಬೇರೆ ಹಾಳೆಯಲ್ಲಿ ಬರೆದು ಕಳಿಸಿ, ತಾಳೆ ನೋಡಲು ಬೇಕಾಗುತ್ತದೆ. ಜಾವಕ ವಹಿಯ ಆ ಮೂರು ಪುಟದ ಫೋಟೊ ಕಳಿಸುವ ಮುಂಚೆ ಈಗಿನ ಹೆಡ್‌ಮಾಸ್ತರರನ್ನು ಒಂದು ಮಾತು ಕೇಳಿ. ಅವರು ಬೇಡವೆಂದರೆ ಫೋಟೊ ಬಿಡಿ, ತಾರೀಖುಗಳನ್ನಷ್ಟೇ ಬರೆದುಕೊಂಡು ಬನ್ನಿ.