ಗಿರಣಿ ಮೋಟರಿನ ಬೇರಿಂಗ್ ಯಾಕೆ ಬಾಳುತ್ತಿಲ್ಲ?

ಪ್ರಶ್ನೆ: ನಮ್ಮ ಹಿಟ್ಟಿನ ಗಿರಣಿಯ ಮೋಟರಿಗೆ ಪುಲ್ಲಿ ಕಡೆಯ 6206 ಬೇರಿಂಗನ್ನು ಎರಡು ಸಲ ಬದಲಾಯಿಸಿದ್ದಾಯಿತು. ನಾಲ್ಕೇ ತಿಂಗಳಿಗೆ ಮತ್ತೆ ಗರಗರ ಸದ್ದು. ಮಾಲೇ ಕಳಪೆಯೇ?

ಉತ್ತರ: ಮಾಲಿಗಿಂತ ಕೂರಿಸಿದ ರೀತಿಯ ಮೇಲೆ ನಮಗೆ ಅನುಮಾನ. ಹೊರರಿಂಗಿಗೆ ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕವೇ ಒಳರಿಂಗಿಗೆ ದಾಟುತ್ತದೆ. ಗುಂಡು ಓಡುವ ದಾರಿಯಲ್ಲಿ ಸಮ ಅಂತರದಲ್ಲಿ ಸಣ್ಣ ಕುಳಿಗಳು ಬೀಳುತ್ತವೆ. ಹಳೆಯದನ್ನು ಬಿಸಾಡಿರದಿದ್ದರೆ ಬಿಚ್ಚಿಸಿ ನೋಡಿ. 6206ರ ಕೊನೆಯ 06ನ್ನು ಐದರಿಂದ ಗುಣಿಸಿದರೆ 30, ಅಂದರೆ ಒಳರಂಧ್ರ 30 ಮಿ.ಮೀ. ಅಷ್ಟೇ ದಪ್ಪದ ಮೋಟರಿನ ಶಾಫ್ಟಿನ ಮೇಲೆ ಸಲೀಸಾಗಿ ಜಾರುವ, ಒಳರಿಂಗಿಗೆ ಮಾತ್ರ ತಾಗುವ ಪೈಪ್ ತುಂಡು ಇಟ್ಟು, ಬೇರಿಂಗನ್ನು ಓರೆಯಾಗದಂತೆ ಇಳಿಸಬೇಕು.

ಹಿಟ್ಟಿನ ಧೂಳಿಗೆ ಝಡ್‌ಝಡ್ ಗುರುತಿನ ಬೇರಿಂಗಿನ ತಗಡಿನ ಮುಚ್ಚಳ ಸಾಲದು. ಎರಡೂ ಕಡೆ ರಬ್ಬರ್ ಸೀಲಿರುವ 2ಆರ್‌ಎಸ್, ಅದರಲ್ಲೂ ಸಿ3 ಗುರುತಿನದು ಕೇಳಿ. ಮೋಟರು ಬಿಸಿಯಾಗಿ ಒಳರಿಂಗ್ ಹಿಗ್ಗಿದಾಗ ಸಿ3ಯಲ್ಲಿ ಗುಂಡುಗಳಿಗೆ ಜಾಗ ಉಳಿದಿರುತ್ತದೆ. ಕೂರಿಸಲು ಸುಲಭವಾಗಲೆಂದು ಸೀಲಿನ ಬೇರಿಂಗನ್ನು ಎಣ್ಣೆಯಲ್ಲಿ ಕಾಯಿಸಬೇಡಿ, ಒಳಗಿನ ಗ್ರೀಸ್ ಕೆಡುತ್ತದೆ.

ಬೆಲ್ಟು ತಂಬೂರಿ ತಂತಿಯಂತೆ ಬಿಗಿದಿದ್ದರೆ ಎಂಥ ಬೇರಿಂಗೂ ಬಾಳದು. ಪುಲ್ಲಿಗಳ ನಡುವೆ 1 ಮೀಟರ್ ಇದ್ದರೆ, ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 16 ಮಿ.ಮೀ. ತಗ್ಗಬೇಕು.