ಇಇಜಿ ನಾರ್ಮಲ್, ಎಂಆರ್‌ಐ ನಾರ್ಮಲ್, ಆದರೂ ಫಿಟ್ಸ್ ತರಹ ಬರುತ್ತಿದೆ. ಇದರ ಜೊತೆ ಹೇಗೆ ಬದುಕುತ್ತಿದ್ದೀರಿ?

ನೀವು ಬರೆದಿರುವುದು ಇಷ್ಟು: ನಿಮಗೆ 24 ವರ್ಷ. ಎಂಟು ತಿಂಗಳಿಂದ ಆಗಾಗ ಮೈ ನಡುಗಿ ಎಚ್ಚರ ತಪ್ಪುತ್ತದೆ. ಮೆದುಳಿನ ಕರೆಂಟ್ ನೋಡುವ ಇಇಜಿ, ಮೆದುಳಿನ ಚಿತ್ರ ತೆಗೆಯುವ ಎಂಆರ್‌ಐ, ಎರಡೂ ನಾರ್ಮಲ್. ಡಾಕ್ಟರ್ "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂದರು. ಮದುವೆ ಮಾತುಕತೆ ನಡೆಯುತ್ತಿರುವುದರಿಂದ ಯಾರಿಗೂ ಹೇಳಬೇಡ ಅಂತ ಮನೆಯವರು ಹೇಳುತ್ತಿದ್ದಾರೆ. ಹೀಗೆ ಆದವರು ಬೇರೆ ಯಾರಾದರೂ ಇದ್ದೀರಾ ಅಂತ ಕೇಳಿದ್ದೀರಿ.

ಇದ್ದೀನಿ. ಮಂಡ್ಯದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನ್ನದು ಶುರುವಾಗಿ ಮೂರು ವರ್ಷ ದಾಟಿತು. ಅರ್ಧ ಉತ್ತರ ಸಿಕ್ಕಿದೆ, ಇನ್ನರ್ಧಕ್ಕೆ ಇನ್ನೂ ಓಡಾಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಓಡಾಡಿ ಚಪ್ಪಲಿ ಸವೆಸಿದವಳು. ಆ ಲೆಕ್ಕದಲ್ಲಿ ಓದಿಕೊಳ್ಳಿ.

ನನಗೆ ಮೊದಲು ಬಂದಿದ್ದು ವಾಸನೆ. ನನ್ನ ತವರು ಪಾಂಡವಪುರದ ಕಡೆ, ಮನೆ ಹಿಂದೆಯೇ ಆಲೆಮನೆ. ಕೊಪ್ಪರಿಗೆ ತಳ ಹಿಡಿದು ಪಾಕ ಸೀದರೆ ಒಂದು ವಾಸನೆ ಏಳುತ್ತದಲ್ಲ, ಸಿಹಿ ಮತ್ತು ಕಮಟು ಎರಡೂ ಸೇರಿದ್ದು, ಅದೇ. ಮಂಡ್ಯದ ಮನೆಯಲ್ಲಿ ಹೊಲಿಯುತ್ತಾ ಕೂತಾಗ ಇದ್ದಕ್ಕಿದ್ದಂತೆ ಅದು ಮೂಗಿಗೆ ಬಡಿಯುತ್ತಿತ್ತು. ಎದ್ದು ಹೋಗಿ ನೋಡಿದರೆ ಒಲೆ ಆರಿರುತ್ತಿತ್ತು. ಜೊತೆಗೇ ಹೊಟ್ಟೆಯಿಂದ ಏನೋ ಎದೆಗೆ ಏರಿ ಬಂದ ಹಾಗೆ. ಜಾತ್ರೆಯ ತಿರುಗೋ ತೊಟ್ಟಿಲು ಮೇಲಿಂದ ಇಳಿಯುವಾಗ ಆಗುತ್ತದಲ್ಲ, ಹಾಗೆ. ಒಂದು ನಿಮಿಷ ಇದ್ದು ಹೋಗುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಆರು ತಿಂಗಳು ಜೀರಿಗೆ ಕಷಾಯ ಕುಡಿದೆ.

ಒಂದು ದಿನ ಹೆಮ್ಮಿಂಗ್ ಮಾಡೋಕೆ ಬರುವ ಹುಡುಗಿ ಒಂದು ತೋಳು ಎತ್ತಿ ತೋರಿಸಿ, "ಅಕ್ಕ, ಇದೇನಕ್ಕ ಹಿಂಗೆ ಹೊಲ್ದಿದ್ದೀರ?" ಅಂದಳು. ಹಸಿರು ರೇಷ್ಮೆ ಬ್ಲೌಸ್. ಮುಕ್ಕಾಲು ಭಾಗ ಹೊಲಿಗೆ ದಾರ ಹಿಡಿದ ಹಾಗೆ ನೆಟ್ಟಗಿದೆ. ಆಮೇಲೆ ಗೆರೆ ಬಿಟ್ಟು ಬಟ್ಟೆ ನಡುವಿಗೆ ಹೋಗಿದೆ. ಅಲ್ಲಿ ಒಂದೇ ಜಾಗದಲ್ಲಿ ಸೂಜಿ ಹತ್ತಾರು ಸಲ ಕುತ್ತಿ, ದಾರ ಗಂಟು ಕಟ್ಟಿ, ಬಟ್ಟೆ ತೂತಾಗಿದೆ. ನನ್ನ ಮೆಷಿನ್‌ಗೆ ಮೋಟಾರ್ ಇದೆ, ಕಾಲು ಪೆಡಲ್ ಮೇಲೇ ಉಳಿದಿದೆ ಅಂತ ಕಾಣುತ್ತದೆ. ಹೊಲಿದದ್ದು ನಾನೇ. ಆದರೆ ಆ ಮೂರು ಇಂಚು ಹೊಲಿದ ನೆನಪು ನನಗೆ ಇಲ್ಲವೇ ಇಲ್ಲ. ಅವತ್ತು ನನಗೆ ನಿಜವಾಗಿ ಭಯ ಆಯಿತು.

ಆ ತೋಳನ್ನು ಎಸೆಯಲಿಲ್ಲ, ಅದು ಒಳ್ಳೆಯದಾಯಿತು. ಮುಂದೆ ಮೈಸೂರಿನಲ್ಲಿ ನರರೋಗದ ಡಾಕ್ಟರ್ ಒಬ್ಬರು ನನ್ನ ಇಇಜಿ ರಿಪೋರ್ಟ್‌ಗಿಂತ ಜಾಸ್ತಿ ಹೊತ್ತು ಅದನ್ನೇ ನೋಡಿದರು.

ವರ್ಷ ಕಳೆದ ಮೇಲೆ ಇನ್ನೊಂದು ಶುರುವಾಯಿತು. ನಾದಿನಿಯ ಮದುವೆಯ ಬೀಗರೂಟದ ದಿನ ಛತ್ರದಲ್ಲಿ ಬಿದ್ದೆ. ಕಣ್ಣು ಮುಚ್ಚಿ, ಕೈಕಾಲು ಒದರುತ್ತಾ, ಕಾಲು ಗಂಟೆ. ಯಾರೋ ಕೈಗೆ ಬೀಗದ ಕೈ ತುರುಕಿದರು, ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಇನ್ಯಾರೋ ಹಲ್ಲಿನ ನಡುವೆ ಚಮಚ ಹಾಕಿದರು. ಮುಂದಿನ ಒಂದು ಹಲ್ಲಿನ ತುದಿ ಹೋಗಿದ್ದು ಆ ಚಮಚದಿಂದ, ಕಾಯಿಲೆಯಿಂದಲ್ಲ. ಸಾಮಾನ್ಯವಾಗಿ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಅಷ್ಟರಲ್ಲಿ ಬೀಗದ ಕೈ ಹಿಡಿಸಿರುತ್ತಾರಲ್ಲ, ಹೆಸರು ಅದಕ್ಕೆ ಬರುತ್ತದೆ.

ಆಮೇಲಿನದು ನಿಮಗೇ ಗೊತ್ತು. ಒಬ್ಬರು ಏನೂ ಇಲ್ಲ ಅಂದರು. ಇನ್ನೊಬ್ಬರು ಎರಡು ಮಾತು ಕೇಳದೆ ಮಾತ್ರೆ ಬರೆದರು. ಅತ್ತೆ ತಾಯತ ಕಟ್ಟಿಸಿದರು, ಅದರ ಬಗ್ಗೆ ನನಗೆ ಬೇಸರವಿಲ್ಲ, ಪಾಪ ಅವರಿಗೆ ಗೊತ್ತಿದ್ದು ಅದು. ಬೇಸರ ಆಗಿದ್ದು ಒಂದು ಆಸ್ಪತ್ರೆಯಲ್ಲಿ, ನಾನು ಮಲಗಿರುವಾಗಲೇ ಒಬ್ಬರು ಇನ್ನೊಬ್ಬರಿಗೆ "ಆಕ್ಟಿಂಗ್ ಇದು" ಅಂದಿದ್ದು. ನನಗೆ ಕೇಳಿಸುತ್ತಿತ್ತು. ಬಾಯಿ ತೆಗೆಯೋಕೆ ಆಗುತ್ತಿರಲಿಲ್ಲ ಅಷ್ಟೇ.

ಈಗ ನಿಮ್ಮ ನಾರ್ಮಲ್ ರಿಪೋರ್ಟ್ ವಿಷಯ. ಮೈಸೂರಿನ ಆ ಡಾಕ್ಟರ್ ಹೇಳಿದ ಮಾತು ಹೇಳುತ್ತೇನೆ. ಮನೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ. ಲೈನ್‌ಮನ್ ಬಂದಾಗ ಸರಿಯಾಗಿ ಉರಿಯುತ್ತಿರುತ್ತದೆ. ಅವನು ನೋಡಿ "ಎಲ್ಲಾ ಸರಿ ಇದೆಯಲ್ಲಮ್ಮ" ಅಂತ ಹೋಗುತ್ತಾನೆ. ಮಾಮೂಲಿ ಇಇಜಿ ಅಂದರೆ ಅದೇ, 20–30 ನಿಮಿಷ ಬಂದು ನೋಡಿ ಹೋಗುವ ಲೈನ್‌ಮನ್. ಆ ಹೊತ್ತಲ್ಲಿ ಮೆದುಳು ಸುಮ್ಮನಿದ್ದರೆ ರಿಪೋರ್ಟ್ ನಾರ್ಮಲ್. ಅಷ್ಟಕ್ಕೇ ಮೂರ್ಛೆ ರೋಗ ಇಲ್ಲ ಅಂತ ಹೇಳೋಕೆ ಬರುವುದಿಲ್ಲ. ಎಂಆರ್‌ಐ ತೋರಿಸುವುದು ಗೋಡೆ, ಕಂಬಗಳನ್ನು, ಒಳಗೆ ಹರಿಯುವ ಕರೆಂಟನ್ನಲ್ಲ. ಹಾಗಾಗಿ ಅದೂ ನಾರ್ಮಲ್ ಇದ್ದು ಫಿಟ್ಸ್ ಇರಬಹುದು.

ರಾತ್ರಿ ನಿದ್ದೆಗೆಡಿಸಿ ಮಾಡುವ ಇಇಜಿ ಅಂತ ಇದೆ. ಅದರಲ್ಲಿ ಸಿಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ನಾನು ಅದನ್ನೂ ಮಾಡಿಸಿದೆ. ತಲೆಗೆ ಎಣ್ಣೆ ಇರಬಾರದು, ಹಿಂದಿನ ದಿನವೇ ತೊಳೆದುಕೊಂಡು ಹೋಗಬೇಕು. ಅಮ್ಮ, ನಾನು ಇಬ್ಬರೂ ರಾತ್ರಿಯೆಲ್ಲ ಕೂತು ನಾಲ್ಕು ಸೀರೆಗೆ ಫಾಲ್ ಹೊಲಿದೆವು. ಬೆಳಿಗ್ಗೆ ಮೈಸೂರಿನ ರೈಲಿನಲ್ಲಿ ಕಣ್ಣು ಎಳೆಯುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಅಮ್ಮ ತೊಡೆ ಚಿವುಟಿದ ಕಲೆ ಎರಡು ದಿನ ಇತ್ತು. ಅಲ್ಲಿ ತಲೆಗೆ ಇಪ್ಪತ್ತಕ್ಕೂ ಹೆಚ್ಚು ವೈರು ಅಂಟಿಸುತ್ತಾರೆ. ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ, ಕಣ್ಣಿಗೆ ಲೈಟು ಮಿಣುಕಿಸುತ್ತಾರೆ, ಆಮೇಲೆ ಮಲಗಿ ಅನ್ನುತ್ತಾರೆ. ನೋವು ಇಲ್ಲ. ತಲೆಯ ಅಂಟು ಹೋಗೋಕೆ ಎರಡು ಸಲ ಶಾಂಪೂ ಬೇಕು. ಅದೂ ನಾರ್ಮಲ್ ಬಂತು ಅನ್ನಿ.

ಕೊನೆಗೆ ಕೆಲಸ ಮಾಡಿದ್ದು ನನ್ನ ಗಂಡನ ಮೊಬೈಲು. ಮನೆಯಲ್ಲಿ ಬಿದ್ದಾಗ ಅವರು ವಿಡಿಯೋ ತೆಗೆದರು. ಮೊದಲ ಸಲ ಬರೀ ಕಾಲು ತೆಗೆದಿದ್ದರು, ಮುಖ ತೆಗೆಯೋಕೆ ಮನಸ್ಸು ಬರಲಿಲ್ಲವಂತೆ. ಡಾಕ್ಟರ್‌ಗೆ ಬೇಕಾಗಿದ್ದು ಮುಖವೇ. ಕಣ್ಣು ತೆರೆದಿತ್ತಾ, ಮುಚ್ಚಿತ್ತಾ? ಕತ್ತು ಒಂದೇ ಕಡೆ ತಿರುಗಿತಾ? ನಡುಕ ಒಂದೇ ಸಮ ಇತ್ತಾ, ನಿಂತು ನಿಂತು ಬರುತ್ತಿತ್ತಾ? ಮುಗಿದ ಮೇಲೆ ಹೆಸರು ಕೇಳಿದರೆ ಎಷ್ಟು ಹೊತ್ತಿಗೆ ಹೇಳಿದರು? ಮೂರ್ಛೆ ರೋಗದ ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ. ನನ್ನದು ಬಿಗಿಯಾಗಿ ಮುಚ್ಚಿತ್ತು. ಇದೊಂದರಿಂದಲೇ ತೀರ್ಮಾನ ಮಾಡುವುದಿಲ್ಲ, ಆದರೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ನಿಮ್ಮ ಮನೆಯವರಿಗೆ ಹೇಳಿ: ಮೊದಲು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಲಿ, ತಲೆ ಕೆಳಗೆ ಮೆತ್ತಗೆ ಏನಾದರೂ ಇಡಲಿ, ಬಾಯಿಗೆ ಏನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ಗಡಿಯಾರ ನೋಡಲಿ. ಆಮೇಲೆ ವಿಡಿಯೋ. 5 ನಿಮಿಷ ದಾಟಿದರೆ, ಎಚ್ಚರ ಬರದೆ ಮತ್ತೆ ಶುರುವಾದರೆ, ಅಥವಾ ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಲಿ.

ಆ ವಿಡಿಯೋ ನೋಡಿ ಬೆಂಗಳೂರಿಗೆ ವಿಡಿಯೋ ಇಇಜಿಗೆ ಕಳಿಸಿದರು. ಮೂರು ದಿನ ತಲೆಗೆ ವೈರು, ಎದುರಿಗೆ ಕ್ಯಾಮೆರಾ, ಮಂಚ ಬಿಟ್ಟು ಹೆಚ್ಚು ಓಡಾಡುವ ಹಾಗಿಲ್ಲ. ಬರಬೇಡಪ್ಪ ಅಂತ ಬೇಡಿಕೊಳ್ಳುತ್ತಿದ್ದವಳು ಅಲ್ಲಿ ಮಲಗಿ ಬಾರಪ್ಪ ಬಾರಪ್ಪ ಅಂತ ಕಾಯ್ದೆ. ನಡುಕದ್ದು ಎರಡು ಸಲ ಬಂತು. ಎರಡೂ ಸಲ ಮೆದುಳಿನ ಕರೆಂಟಿನಲ್ಲಿ ಫಿಟ್ಸ್‌ನ ಗುರುತೇ ಇರಲಿಲ್ಲ. ಇದಕ್ಕೆ ಫಂಕ್ಷನಲ್ ಸೀಜರ್ ಅನ್ನುತ್ತಾರೆ. ವೈರಿಂಗ್ ಸುಟ್ಟಿಲ್ಲ, ಆದರೆ ಮೆದುಳು ಒತ್ತಡಕ್ಕೋ ಹಳೆಯ ಯಾವುದೋ ಪೆಟ್ಟಿಗೋ, ಕೆಲವು ಸಲ ಯಾವ ಕಾರಣವೂ ಕಾಣದೆಯೋ, ಮೈಯನ್ನು ಹೀಗೆ ಆಡಿಸುತ್ತದೆ. ಬೇಕು ಅಂತ ಮಾಡುವುದಲ್ಲ. ಅಲ್ಲಿನ ಡಾಕ್ಟರಮ್ಮ ಅದನ್ನು ನನ್ನ ಗಂಡನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಇವರು ನಾಟಕ ಆಡ್ತಿಲ್ಲ. ಇದೂ ಕಾಯಿಲೆನೇ." ಆ ಒಂದು ಮಾತಿಗೆ ಅಲ್ಲೇ ಅತ್ತುಬಿಟ್ಟೆ. ಫಿಟ್ಸ್ ಮಾತ್ರೆ ಇದಕ್ಕೆ ನಾಟುವುದಿಲ್ಲ, ಮಾತಿನ ಚಿಕಿತ್ಸೆ ಬೇಕು. ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೇನೆ. ನಡುಕ ತಿಂಗಳಿಗೆ ನಾಲ್ಕೈದು ಸಲ ಬರುತ್ತಿದ್ದುದು ಈಗ ಎರಡು ತಿಂಗಳಿಗೆ ಒಂದಾಗಿದೆ.

ಆದರೆ ವಾಸನೆ? ಆ ಮೂರು ದಿನ ಅದು ಬರಲೇ ಇಲ್ಲ! ಮೆದುಳಿನ ಟೆಂಪೊರಲ್ ಭಾಗದಿಂದ, ಅಂದರೆ ಕಿವಿ ಹತ್ತಿರದ ಭಾಗದಿಂದ, ಏಳುವ ಸಣ್ಣ ಫಿಟ್ಸ್ ಹೀಗೇ ಇರಬಹುದು, ಇಲ್ಲದ ವಾಸನೆ, ಹೊಟ್ಟೆಯಿಂದ ಏರುವುದು, ನಡುವೆ ನೆನಪು ಜಾರುವುದು. ಬಹಳ ಸಣ್ಣದಾದರೆ ತಲೆ ಮೇಲಿನ ವೈರಿಗೆ ಸಿಗದೆಯೂ ಹೋಗಬಹುದಂತೆ. ಕೆಲವರಿಗೆ ಎರಡು ತರಹದ್ದೂ ಇರುತ್ತದೆ. ಹಾಗಾಗಿ ಒಂದು ಮಾತ್ರೆ ನಡೆಯುತ್ತಿದೆ, ಇನ್ನೊಮ್ಮೆ ಅಡ್ಮಿಟ್ ಆಗಬೇಕು. ನೀವೂ ಮಾತ್ರೆ ತಗೊಳ್ಳುತ್ತಿದ್ದರೆ ಬೇಸರಕ್ಕೆ ನಿಲ್ಲಿಸಿಬಿಡಬೇಡಿ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ದೊಡ್ಡದಾಗಿ ಬರುವ ಅಪಾಯ ಇದೆ. ಮುಂದೆ ಮಗುವಿನ ಯೋಚನೆ ಇದ್ದರೆ ಈಗಲೇ ಡಾಕ್ಟರ್‌ಗೆ ಹೇಳಿ, ವಾಲ್ಪ್ರೋಯೇಟ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ನೀವು ಕೇಳಬೇಕಾದ್ದು ಇನ್ನೆರಡಿವೆ. ಹೃದಯದ ಬಡಿತ ನೋಡುವ ಇಸಿಜಿ ಆಗಿದೆಯಾ? ನೀವು ಅದನ್ನು ಬರೆದಿಲ್ಲ. ತಲೆ ಸುತ್ತಿ ಬಿದ್ದವರಿಗೂ ಕೆಲವೊಮ್ಮೆ ಕೈಕಾಲು ಅದುರುತ್ತದೆ. ಹೃದಯದ ಬಡಿತ ತಪ್ಪಿ ಬೀಳುವವರೂ ನೋಡೋಕೆ ಹಾಗೇ ಕಾಣುತ್ತಾರೆ, ಅದು ಸುಮ್ನೆ ಬಿಡುವ ವಿಷಯ ಅಲ್ಲ. ಇನ್ನೊಂದು, ಇದು ಸ್ನಾನ ಮಾಡುವಾಗ ಬರುತ್ತಾ? ಮೈಸೂರಿನಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ಅದು. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಎತ್ತಿ ತಲೆ ಮೇಲೆ ಹುಯ್ದುಕೊಳ್ಳುವಾಗ ಬರುವ ಒಂದು ಮೂರ್ಛೆ ರೋಗ ಇದೆ, ನಮ್ಮ ಹಳೇ ಮೈಸೂರು ಕಡೆ ಬೇರೆ ಕಡೆಗಿಂತ ಜಾಸ್ತಿ ಕಂಡುಬಂದಿದೆ. ಬಿಸಿನೀರಿನ ಮೂರ್ಛೆ ಅಂತಲೇ ಅದಕ್ಕೆ ಹೆಸರು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಅದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಹಲವರಿಗೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೇ ಕಡಿಮೆಯಾಗುತ್ತದೆ. ನನ್ನದು ಅದಲ್ಲ. ನಿಮ್ಮದು ಆಗಿದ್ದರೆ, ಯಾರೂ ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ.

ದಿನದ ಬದುಕು ಹೇಗೆ ಅಂದಿರಿ. ಬಚ್ಚಲಿಗೆ ಚಿಲಕ ಹಾಕುವುದಿಲ್ಲ, ಬಾಗಿಲಿಗೆ ಟವೆಲ್ ನೇತುಹಾಕುತ್ತೇನೆ, ಒಳಗೆ ನಾನಿದ್ದೇನೆ ಅಂತ ಅರ್ಥ. ಸ್ಕೂಟರ್ ಕೀ ಗಂಡನ ಹತ್ತಿರ. ಲೈಸೆನ್ಸ್ ಅರ್ಜಿಯ ಫಾರ್ಮ್ 1ರಲ್ಲೇ ಮೂರ್ಛೆ, ಎಚ್ಚರ ತಪ್ಪುವುದರ ಬಗ್ಗೆ ಕೇಳುತ್ತಾರೆ, ಸುಳ್ಳು ಬರೆಯಬೇಡಿ. ಅದಕ್ಕಿಂತ, ನಮ್ಮೂರಿಗೆ ಹೋಗುವ ದಾರಿ ಉದ್ದಕ್ಕೂ ವಿಸಿ ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ಅಲ್ಲಿ ಅರ್ಧ ನಿಮಿಷ ಮೈಮರೆತರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತವರಿಗೆ ಹೋದರೂ ಕೊಪ್ಪರಿಗೆ ಹತ್ತಿರ ನಿಲ್ಲುವುದಿಲ್ಲ. ದಸರಾ, ಮದುವೆ ಸೀಸನ್‌ನಲ್ಲಿ ರಾತ್ರಿ ಹೊಲಿಯುವುದು ಬಿಟ್ಟೆ. ಸಂಪಾದನೆ ಕಡಿಮೆಯಾಯಿತು, ಸುಳ್ಳು ಹೇಳಲ್ಲ.

ಮದುವೆ ವಿಷಯಕ್ಕೆ ನಾನು ಜಾಸ್ತಿ ಹೇಳಲಾರೆ, ನಿಮ್ಮ ಮನೆ ನಿಮಗೆ ಗೊತ್ತು. ಒಂದು ಮಾತ್ರ. ಮೂರ್ಛೆ ರೋಗ ಇದ್ದರೆ ಮದುವೆಗೆ ಅಡ್ಡಿ ಅನ್ನುವ ಮಾತು ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಇತ್ತು. 1999ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಕಾನೂನು ಬಿಟ್ಟುಕೊಟ್ಟಿದ್ದನ್ನು ನೆಂಟರು ಇನ್ನೂ ಹಿಡಿದುಕೊಂಡಿದ್ದಾರೆ. ಬಚ್ಚಿಟ್ಟು ಮಾಡಿಕೊಂಡರೆ ಹೊಸ ಮನೆಯಲ್ಲಿ ಬಿದ್ದಾಗ ಪಕ್ಕಕ್ಕೆ ಹೊರಳಿಸುವವರು ಯಾರು? ನಾನಾಗಿದ್ದರೆ ಹುಡುಗನಿಗೆ ಹೇಳುತ್ತಿದ್ದೆ.

ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಊಟ, ಮುಟ್ಟಿನ ದಿನ, ಮೊದಲು ಏನಾಯಿತು, ಆಮೇಲೆ ಏನಾಯಿತು. ಡಾಕ್ಟರ್ ಎದುರು ಐದು ನಿಮಿಷ ಸಿಗುತ್ತದೆ, ಅದರಲ್ಲಿ ಮೂರು ನಿಮಿಷ ನಾವು ತಡವರಿಸುತ್ತೇವೆ. ನೋಟ್‌ಬುಕ್ ತಡವರಿಸುವುದಿಲ್ಲ.

ಮೊನ್ನೆ ಮಂಗಳವಾರ ಕೂಡ ವಾಸನೆ ಬಂತು. ಕಾಲನ್ನು ಪೆಡಲ್‌ನಿಂದ ತೆಗೆದು ಪಕ್ಕಕ್ಕಿಟ್ಟೆ, ಈಗ ಅದು ಅಭ್ಯಾಸವಾಗಿದೆ. ಮಗಳು ಅಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದಳು. "ಪಾಕ ಸೀದ ವಾಸನೆ ಬರ್ತಾ ಇದ್ಯಾ ಪುಟ್ಟಿ?" ಅಂದೆ. "ಇಲ್ಲಮ್ಮ" ಅಂದು ಗಡಿಯಾರ ನೋಡಿದಳು. ಆಮೇಲೆ ನೋಡಿದರೆ ನೋಟ್‌ಬುಕ್‌ನಲ್ಲಿ ಅವಳ ದುಂಡು ಅಕ್ಷರದಲ್ಲಿ ಬರೆದಿತ್ತು: 4.20, ವಾಸನೆ, ಒಂದು ನಿಮಿಷ, ಅಮ್ಮ ಎರಡು ಸಲ ಕರೆದರೂ ಮಾತಾಡಲಿಲ್ಲ.

ನಾನು ಮಾತಾಡುತ್ತಲೇ ಇದ್ದೆ ಅಂದುಕೊಂಡಿದ್ದೆ. ಮುಂದಿನ ಸಲ ಮೈಸೂರಿಗೆ ಹೋದಾಗ ಆ ಪುಟ ತೋರಿಸಬೇಕು.